ಬೀಟೆ, ಕರಿಮರದ ವಾದ್ಯ ಬಿರುಕು ಬಿಟ್ಟಾಗ: ಮೊದಲು ತೇವ, ಆಮೇಲೆ ಅಂಟು

ಹಾಸನ, ಚಿಕ್ಕಮಗಳೂರು ಕಡೆ ಗಿಟಾರಿನ ಬೆನ್ನು, ವೀಣೆಯ ಮೇಲ್ಹಲಗೆ, ಪಿಟೀಲಿನ ಫಿಂಗರ್‌ಬೋರ್ಡ್ ಬಿರುಕು ಬಿಡುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ ಒಳಗೆ. ಕಾರಣ ಮಾತ್ರ ಅದಕ್ಕೂ ಎಷ್ಟೋ ತಿಂಗಳು ಮೊದಲೇ ಹುಟ್ಟಿರುತ್ತದೆ. ಜುಲೈ, ಆಗಸ್ಟ್ ಮಳೆಯಲ್ಲಿ ತೇವ ಕುಡಿದ ಹಲಗೆಯನ್ನು ಹಾಗೇ ಅಂಟಿಸಿ ಕೂಡಿಸಿದ್ದರೆ ಅದು ಬೇಸಿಗೆಯಲ್ಲಿ ಕುಗ್ಗಲೇಬೇಕು. ಹಲಗೆಯ ಒಳಬದಿಗೆ ಅಂಟಿಸಿದ ಅಡ್ಡಪಟ್ಟಿಗಳು ಕುಗ್ಗಲು ಬಿಡುವುದಿಲ್ಲ. ಎಲ್ಲೋ ಒಂದು ಕಡೆ ನಾರು ಬಿಟ್ಟುಕೊಳ್ಳುತ್ತದೆ.

ಬಿರುಕು ಕಂಡ ದಿನವೇ ಸೂಪರ್ ಗ್ಲೂ ಹಾಕಿ, ಗರಗಸದ ಹುಡಿ ತುಂಬಿ, ಉಜ್ಜಿ ಪಾಲಿಶ್ ಹೊಡೆಯುವ ಪದ್ಧತಿ ಎಲ್ಲ ಕಡೆ ಇದೆ. ಬೇಸಿಗೆ ಮುಗಿಯುವವರೆಗೆ ಅದು ಚೆನ್ನಾಗಿಯೇ ಕಾಣುತ್ತದೆ. ಮಳೆ ಹಿಡಿದಾಗ ಮರ ಹಿಗ್ಗುತ್ತದೆ, ಬಿರುಕಿನ ಜಾಗದಲ್ಲಿ ಗಟ್ಟಿಯಾದ ಹುಡಿ ಕೂತಿರುತ್ತದೆ. ಜಾಗ ಸಿಗದೆ ಹಲಗೆ ಉಬ್ಬುತ್ತದೆ, ಇಲ್ಲವೇ ಬಿರುಕಿನ ಅಂಚಿನ ನಾರು ಜಜ್ಜಿಹೋಗುತ್ತದೆ. ಮುಂದಿನ ಬೇಸಿಗೆಗೆ ತುಂಬಿದ ಗೆರೆಯ ಪಕ್ಕದಲ್ಲೇ ಹೊಸ ಗೆರೆ ಬೀಳುತ್ತದೆ. ಆದ್ದರಿಂದ ಈ ಕೈಪಿಡಿ ಹೇಳುವ ಕ್ರಮ ಒಂದೇ: ಬಿರುಕು ಯಾಕೆ ಬಂತು ಎಂದು ತಿಳಿದುಕೊಳ್ಳಿ, ಮರಕ್ಕೆ ತೇವ ಮರಳಿಸಿ ಬಿರುಕು ತಾನಾಗಿ ಮುಚ್ಚಲು ಬಿಡಿ, ಮುಚ್ಚಿದ ಮೇಲೆ ಅಂಟು ಹಾಕಿ. ತುಂಬುವುದು ಕೊನೆಯ ಉಪಾಯ.

ನಮ್ಮ ಹವೆಯ ಲೆಕ್ಕ

ಮರ ಗಾಳಿಯ ಆರ್ದ್ರತೆಗೆ ತಕ್ಕಂತೆ ತೇವ ಹಿಡಿಯುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ 85ರಲ್ಲೇ ನಿಂತರೆ ಮರದ ತೇವ ಶೇ 18ರ ಹತ್ತಿರ ಬಂದು ನಿಲ್ಲುತ್ತದೆ. ಶೇ 65ಕ್ಕೆ 12, ಶೇ 50ಕ್ಕೆ 9, ಶೇ 40ಕ್ಕೆ ಏಳೂವರೆ, ಶೇ 30ಕ್ಕೆ 6. ಬೀಟೆಯಂಥ ಎಣ್ಣೆಯಂಶದ ಮರಗಳು ಇದಕ್ಕಿಂತ ಒಂದೆರಡು ಅಂಶ ಕೆಳಗೆ ನಿಲ್ಲಬಹುದು, ಆದರೆ ಏರಿಳಿತ ಹೀಗೇ ಇರುತ್ತದೆ.

ಒಂದೇ ಜಿಲ್ಲೆಯೊಳಗೆ ಎಷ್ಟು ವ್ಯತ್ಯಾಸ ಎಂಬುದನ್ನೂ ನೋಡಬೇಕು. ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಅದೇ ಜಿಲ್ಲೆಯ ಕಡೂರು ಬಯಲುಸೀಮೆ. ಸಕಲೇಶಪುರದಲ್ಲಿ ಮಾಡಿದ ವಾದ್ಯ ಅರಸೀಕೆರೆಯ ಮನೆಗೆ ಹೋದರೆ, ಅಥವಾ ಬೆಂಗಳೂರಿನ ಏಸಿ ಸಭಾಂಗಣದಲ್ಲಿ ಎರಡು ದಿನ ಕೂತರೆ, ಅದು ಬೇರೆ ದೇಶಕ್ಕೆ ಹೋದಂತೆಯೇ.

ಕುಗ್ಗುವ ಲೆಕ್ಕ ಹೀಗಿದೆ. ಬೀಟೆ ಹಸಿಯಿಂದ ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರಕ್ಕೆ ಅಡ್ಡಲಾಗಿ ಶೇ 3ರೊಳಗೆ, ಉಂಗುರದ ಗುಂಟ ಶೇ 6ರ ಹತ್ತಿರ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ. ಅಂದರೆ ತೇವ ಶೇ 1 ಇಳಿದಾಗ, ಉಂಗುರ ಹಲಗೆಯ ಮುಖಕ್ಕೆ ನೆಟ್ಟಗೆ ನಿಂತ ಕ್ವಾರ್ಟರ್ ಕೊಯ್ತದ ಹಲಗೆಯಲ್ಲಿ ಅಗಲದ ಸಾವಿರಕ್ಕೆ 1 ಭಾಗ, ಉಂಗುರ ಮಲಗಿದ ಫ್ಲ್ಯಾಟ್ ಕೊಯ್ತದಲ್ಲಿ ಸಾವಿರಕ್ಕೆ 2 ಭಾಗ ಹೋಗುತ್ತದೆ. 400 ಮಿ.ಮೀ. ಅಗಲದ ಗಿಟಾರ್ ಬೆನ್ನು ಶೇ 13ರಿಂದ 8ಕ್ಕೆ ಒಣಗಿದರೆ ಕ್ವಾರ್ಟರ್ ಕೊಯ್ತದಲ್ಲಿ 2 ಮಿ.ಮೀ., ಫ್ಲ್ಯಾಟ್‌ನಲ್ಲಿ 4 ಮಿ.ಮೀ. ಕುಗ್ಗಬೇಕು. ಎರಡೂವರೆ ಮಿ.ಮೀ. ದಪ್ಪದ ಹಲಗೆ ಇಷ್ಟನ್ನು ತಡೆದುಕೊಳ್ಳುವುದು ಅದಕ್ಕೆ ಕೊಟ್ಟ ಕಮಾನಿನಿಂದ. ಒಣಗಿದಾಗ ಕಮಾನು ಚಪ್ಪಟೆಯಾಗುತ್ತದೆ, ಅದೂ ಸಾಲದಾದಾಗ ಸೀಳುತ್ತದೆ. ಕರಿಮರ, ಅಂದರೆ ಎಬೊನಿ, ಬೀಟೆಗಿಂತ ಬಹಳ ಹೆಚ್ಚು ಕುಗ್ಗುವ ಮರ. ಬೆಲೆ ಹೆಚ್ಚು ಎಂದ ಮಾತ್ರಕ್ಕೆ ಅದು ಅಲುಗಾಡದ ಮರವಲ್ಲ.

ಯಾವ ಬಿರುಕು ಇದು?

ಬರಿಗಣ್ಣಿಗೆ ಎಲ್ಲ ಬಿರುಕೂ ಒಂದೇ ಗೆರೆ. ಕತ್ತಲ ಕೋಣೆಯಲ್ಲಿ ಚಿಕ್ಕ ಎಲ್‌ಇಡಿ ದೀಪವನ್ನು ವಾದ್ಯದ ಒಳಗಿಟ್ಟು ಹೊರಗಿನಿಂದ ನೋಡಿ. ಬೆಳಕು ಗೆರೆಯಾಗಿ ಕಂಡರೆ ಬಿರುಕು ಆರುಪಾರು ಹೋಗಿದೆ. ಕಾಣದಿದ್ದರೆ ಮೇಲ್ಮೈಯ ಬಿರುಕು, ಅಥವಾ ಪಾಲಿಶ್ ಮಾತ್ರ ಒಡೆದಿದೆ. ಪಾಲಿಶ್ ಇಲ್ಲದ ಮರವಾದರೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ. ಮುಖವೆಲ್ಲ ಕ್ಷಣದಲ್ಲಿ ಒಣಗುತ್ತದೆ, ಬಿರುಕಿನೊಳಗಿನ ಸ್ಪಿರಿಟ್ ಮಾತ್ರ ಇನ್ನಷ್ಟು ಹೊತ್ತು ಕಪ್ಪು ಗೆರೆಯಾಗಿ ಉಳಿಯುತ್ತದೆ. ಅದು ಎಲ್ಲಿಗೆ ಮುಗಿಯುತ್ತದೋ ಅಲ್ಲೇ ಬಿರುಕಿನ ನಿಜವಾದ ತುದಿ. ಸಾಮಾನ್ಯವಾಗಿ ಅದು ಕಣ್ಣಿಗೆ ಕಂಡದ್ದಕ್ಕಿಂತ ಎರಡು ಮೂರು ಸೆಂ.ಮೀ. ಮುಂದೆ ಇರುತ್ತದೆ. ಫ್ರೆಂಚ್ ಪಾಲಿಶ್ ಮಾಡಿದ ವಾದ್ಯಕ್ಕೆ ಸ್ಪಿರಿಟ್ ಸೋಕಿಸಬೇಡಿ, ಅರಗು ಕರಗಿ ಹೋಗುತ್ತದೆ.

ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ. ಅಗಲ ಅಳೆಯಲು ಬೈಕ್ ಗ್ಯಾರೇಜಿನ ಫೀಲರ್ ಗೇಜ್ (ಬೇರೆಬೇರೆ ದಪ್ಪದ ತೆಳು ಲೋಹದ ಎಲೆಗಳ ಕಟ್ಟು) ಸಾಕು, 0.05 ಮಿ.ಮೀ. ಎಲೆಯಿಂದ ಶುರುಮಾಡಿ, ಒತ್ತದೆ ಹೋಗುವ ಅತಿ ದಪ್ಪ ಎಲೆ ಯಾವುದೆಂದು ಗುರುತಿಸಿ. ಮುಂದಿನ ಎಲ್ಲ ತೀರ್ಮಾನವೂ ಈ ಒಂದು ಅಂಕಿಯ ಮೇಲೆ ನಿಲ್ಲುತ್ತದೆ.

ಆಮೇಲೆ ಬಿರುಕಿನ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಸರದಿಯಲ್ಲಿ ಒತ್ತಿ ನೋಡಿ. ಒಂದು ಬದಿ ಮಾತ್ರ ಕೆಳಗಿಳಿದು ಮೆಟ್ಟಿಲಾದರೆ ಒಳಗಿನ ಅಡ್ಡಪಟ್ಟಿ ಬಿಟ್ಟುಕೊಂಡಿದೆ ಎಂದೇ ತಿಳಿಯಿರಿ. ಕೈಗನ್ನಡಿ ಹಿಡಿದು, ಪಟ್ಟಿಯ ಬುಡಕ್ಕೆ ತೆಳು ಕಾಗದ ತೂರಿಸಿ ಖಚಿತಪಡಿಸಿಕೊಳ್ಳಿ. ಪಟ್ಟಿ ಬಿಟ್ಟಿದ್ದರೆ ಮೊದಲು ಅದನ್ನು ಅಂಟಿಸಬೇಕು, ಬಿರುಕು ಆಮೇಲೆ.

ನಾರಿನ ಗುಂಟ ನೇರ ಗೆರೆ, ಬೆನ್ನು ಚಪ್ಪಟೆ, ಫ್ರೆಟ್ ತುದಿಗಳು ಫಿಂಗರ್‌ಬೋರ್ಡಿನ ಅಂಚಿನಿಂದ ಹೊರಬಂದು ಕೈಗೆ ಚುಚ್ಚುತ್ತವೆ: ಇದು ಒಣಗಿದ ಬಿರುಕು. ನಮ್ಮಲ್ಲಿ ಕಾಣುವ ಬಹುಪಾಲು ಬಿರುಕು ಇದೇ. ಫ್ರೆಟ್ ಚುಚ್ಚುವುದು ಬಿರುಕಿಗೂ ಮೊದಲು ಬರುವ ಎಚ್ಚರಿಕೆ, ಅಲ್ಲೇ ಹಿಡಿದರೆ ಹಲಗೆ ಉಳಿಯುತ್ತದೆ.

ಗೆರೆ ನೇರವಾಗಿಲ್ಲ, ನಾರನ್ನು ದಾಟಿ ಅಂಕುಡೊಂಕು ಹೋಗಿದೆ, ಹತ್ತಿರದಲ್ಲಿ ಪಾಲಿಶ್ ನಕ್ಷತ್ರದಂತೆ ಒಡೆದಿದೆ: ಇದು ಪೆಟ್ಟಿನ ಬಿರುಕು. ತೇವ ಕೊಟ್ಟು ಕಾಯುವ ಅಗತ್ಯವಿಲ್ಲ. ಸಿಬಿರು ಕಳೆಯುವ ಮೊದಲೇ ಅಂಟಿಸಿ.

ಬಿರುಕು ಬೆಳವಣಿಗೆಯ ಉಂಗುರದ ಬಾಗಿನಲ್ಲೇ ಕಮಾನಾಗಿ ಸಾಗಿದರೆ ಅದು ಮರ ನಿಂತಿರುವಾಗಲೇ ಅಥವಾ ಕಡಿದು ಬೀಳಿಸುವಾಗ ಆದ ಉಂಗುರ ಸೀಳು. ಅಂಥ ತುಂಡಿನಲ್ಲಿ ಇಡೀ ಉಂಗುರವೇ ದುರ್ಬಲ. ತಂತಿಯ ಎಳೆತ ಬೀಳುವ ಭಾಗಕ್ಕೆ, ಅಂದರೆ ದಂಡಿ, ಕತ್ತು, ಬ್ರಿಜ್‌ಗೆ ಅದನ್ನು ಎಷ್ಟು ಅಂಟಿಸಿದರೂ ಬಳಸಬಾರದು.

ತಂತಿ ಬಿಗಿಯುವ ಬಿರುಡೆ ಹತ್ತಿರ ಅಥವಾ ವಾದ್ಯದ ಬುಡದ ಎಂಡ್ ಪಿನ್ ತೂತಿನಿಂದ ಹೊರಟ ಬಿರುಕಿಗೆ ಬಹಳ ಸಲ ತೇವಕ್ಕಿಂತ ಬಿಗಿಯಾಗಿ ಕೂರಿಸಿದ ಬಿರುಡೆಯೇ ಕಾರಣ. ಶಂಕುವಿನಾಕಾರದ ಬಿರುಡೆ ಬೆಣೆಯಾಗಿ ಕೆಲಸ ಮಾಡುತ್ತದೆ. ಮರ ಕುಗ್ಗಿದಾಗ ತೂತಿನ ಆಕಾರವೂ ಕೆಡುತ್ತದೆ. ತೂತನ್ನು, ಒಳಗೋಡೆ ಹೆರೆಯುವ ರೀಮರ್‌ನಿಂದ ಗುಂಡಗೆ ಮಾಡದೆ ಬಿರುಕು ಮಾತ್ರ ಅಂಟಿಸಿದರೆ ಬಿರುಡೆ ತಿರುಗಿಸಿದ ಮೊದಲ ದಿನವೇ ಮತ್ತೆ ತೆರೆಯುತ್ತದೆ.

ತೇವ ಅಳೆಯುವುದು

ಪಿನ್ ಚುಚ್ಚುವ ತೇವಮಾಪಕ ಬೀಟೆ, ಕರಿಮರದಂಥ ಸಾಂದ್ರ ಮರದಲ್ಲಿ ತಿದ್ದುಪಡಿ ಇಲ್ಲದೆ ಸರಿ ಅಂಕಿ ಕೊಡುವುದಿಲ್ಲ. ಮುಗಿದ ವಾದ್ಯಕ್ಕೆ ಪಿನ್ ಚುಚ್ಚಲೂ ಆಗದು. ನಮ್ಮ ಕಡೆ ಇನ್ನೊಂದು ಆಸೆ ಇರುತ್ತದೆ, ತೋಟದ ಮನೆಯಲ್ಲಿರುವ ಕಾಫಿ ತೇವಮಾಪಕ. ಅದನ್ನು ಕಾಳಿಗೆಂದೇ ಅಳವಡಿಸಿರುತ್ತಾರೆ. ಮರದ ಹುಡಿ, ಚಕ್ಕೆ ಹಾಕಿ ನೋಡಿದ ಅಂಕಿಗೆ ಬೆಲೆಯಿಲ್ಲ.

ಹಲಗೆಯಾಗಿದ್ದರೆ ತೂಕದ ವಿಧಾನವೇ ಭರವಸೆಯದು. ತುದಿಯಿಂದ ಕನಿಷ್ಠ 30 ಸೆಂ.ಮೀ. ಒಳಗೆ, ನಾರಿನ ಗುಂಟ 20–25 ಮಿ.ಮೀ. ಉದ್ದದ ತುಂಡನ್ನು ಪೂರ್ತಿ ಅಗಲಕ್ಕೆ ಕೊಯ್ಯಿರಿ. ಕೂಡಲೇ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಓವನ್‌ನಲ್ಲಿ 103 ಡಿಗ್ರಿಯಲ್ಲಿ ಒಂದು ದಿನ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 56 ಗ್ರಾಂ ಇದ್ದದ್ದು 50ಕ್ಕೆ ಇಳಿದರೆ ತೇವ ಶೇ 12. ಹಸಿ ತೂಕದಿಂದ ಭಾಗಿಸುವ ತಪ್ಪು ಸಾಮಾನ್ಯ, ಹಾಗೆ ಮಾಡಿದರೆ ಅಂಕಿ ಕಡಿಮೆ ಬರುತ್ತದೆ.

ಮುಗಿದ ವಾದ್ಯಕ್ಕೆ ಮರವನ್ನಲ್ಲ, ಪೆಟ್ಟಿಗೆಯೊಳಗಿನ ಗಾಳಿಯನ್ನು ಅಳೆಯಬೇಕು. ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಸಾಕು, ಆದರೆ ಅಗ್ಗದ ಮೀಟರುಗಳಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಪರೀಕ್ಷೆ ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು ಹನಿಸಿ. ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು 12 ಗಂಟೆ ಬಿಡಿ. ಒಳಗಿನ ಆರ್ದ್ರತೆ ಶೇ 75ಕ್ಕೆ ನಿಲ್ಲುತ್ತದೆ. ಮೀಟರು 69 ತೋರಿಸಿದರೆ ಅದಕ್ಕೆ 6 ಸೇರಿಸಿ ಓದಬೇಕು. ಮೀಟರಿನ ಬೆನ್ನಿಗೇ ಬರೆದಿಡಿ.

ಬಿರುಕು ತಾನಾಗಿ ಮುಚ್ಚಲು ಬಿಡುವುದು

ತಂತಿಗಳನ್ನು ಪೂರ್ತಿ ಬಿಚ್ಚದೆ ಸಡಿಲಿಸಿ. ಪ್ಲಾಸ್ಟಿಕ್ ಸೋಪು ಡಬ್ಬಿಗೆ ಹತ್ತು ಹನ್ನೆರಡು ತೂತು ಕೊರೆದು, ನೀರಲ್ಲಿ ಅದ್ದಿ ಬಲವಾಗಿ ಹಿಂಡಿದ ಸ್ಪಂಜನ್ನು ಒಳಗಿಡಿ. ಡಬ್ಬಿ ಅಲುಗಿಸಿದರೆ ಒಂದು ಹನಿಯೂ ಬೀಳಬಾರದು. ವಾದ್ಯ, ಡಬ್ಬಿ, ಹೈಗ್ರೋಮೀಟರ್ ಮೂರನ್ನೂ ಅದರ ಪೆಟ್ಟಿಗೆಯಲ್ಲಿ, ಇಲ್ಲವೇ ದಪ್ಪ ಪಾಲಿಥೀನ್ ಚೀಲದಲ್ಲಿ ಇಟ್ಟು ಕಟ್ಟಿ. ಒಳಗೆ ಶೇ 55ರಿಂದ 60 ನಿಲ್ಲಬೇಕು. ಹೊರಗಿನ ಪಾಲಿಶ್ ತೇವ ಬಿಡದ ಕಾರಣ ಹಲಗೆ ನೀರು ಕುಡಿಯುವುದು ಒಳಮುಖದಿಂದ. ಹಾಗಾಗಿ ಸೌಂಡ್ ಹೋಲ್ ಇರುವ ವಾದ್ಯಕ್ಕೆ ಡಬ್ಬಿಯನ್ನು ಅದರೊಳಗೇ ತೂಗಿಬಿಡುವುದು ಒಳ್ಳೆಯದು.

ನೀರು ಬದಲಿಸುವ ತಾಪತ್ರಯ ಬೇಡವೆಂದರೆ ಮೆಗ್ನೀಷಿಯಂ ನೈಟ್ರೇಟ್ ಬಳಸಬಹುದು. ನೀರಿನಲ್ಲಿ ಕರಗುವ ಗೊಬ್ಬರಗಳ ಸಾಲಿನಲ್ಲಿ ಸಿಗುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಅದನ್ನು ತುಸು ನೀರಿನೊಂದಿಗೆ ಗಂಜಿಯಂತೆ ಮಾಡಿ, ತಳದಲ್ಲಿ ಕರಗದ ಹರಳು ಉಳಿದಿರುವಂತೆ ನೋಡಿಕೊಂಡರೆ ಮುಚ್ಚಿದ ಚೀಲದೊಳಗೆ ಆರ್ದ್ರತೆ ಶೇ 53ರ ಆಸುಪಾಸಿನಲ್ಲಿ ತಾನೇ ನಿಲ್ಲುತ್ತದೆ. ಡಬ್ಬಿ ಉರುಳದಂತೆ ಭದ್ರವಾಗಿಡಿ. ಈ ಲವಣ ತಂತಿ, ಲೋಹವನ್ನು ತಿನ್ನುತ್ತದೆ, ಮರದ ಹುಡಿಯೊಂದಿಗೆ ಸೇರಿದರೆ ಬೆಂಕಿಗೆ ಇಂಬು ಕೊಡುತ್ತದೆ.

ಅದೇ ಗುರುತಿನಲ್ಲಿ ಫೀಲರ್ ಗೇಜ್ ಹಾಕಿ ದಿನಕ್ಕೊಮ್ಮೆ ಅಳೆಯಿರಿ. ತೆಳು ಹಲಗೆಗೆ ಒಂದು ವಾರ ಸಾಕಾಗಬಹುದು. ವೀಣೆಯ ಕೊಡದಂಥ ದಪ್ಪ ಭಾಗಕ್ಕೆ ಮೂರು ವಾರವೂ ಬೇಕು. ಮೂರು ದಿನ ಅಂಕಿ ಕದಲದಿದ್ದರೆ ಅಷ್ಟೇ ಮುಚ್ಚುವುದು. ಅವಸರಕ್ಕೆ ಒದ್ದೆ ಬಟ್ಟೆ ಸುತ್ತುವುದು, ಹಬೆ ಹಿಡಿಯುವುದು, ಬಚ್ಚಲಮನೆಯಲ್ಲಿ ಇಡುವುದು ಬೇಡ. ಮೇಲ್ಪದರ ಮಾತ್ರ ಹಿಗ್ಗಿ ಹಲಗೆ ಸೊಟ್ಟಗಾಗುತ್ತದೆ, ಅಂಟಿನ ಸಂದು ಸಡಿಲವಾಗುತ್ತದೆ. ಶೇ 75 ದಾಟಿದರೆ ಬೂಷ್ಟು ಹಿಡಿಯಬಹುದು.

ಈಗ ತೀರ್ಮಾನ. ಬಿರುಕು ಪೂರ್ತಿ ಮುಚ್ಚಿದರೆ ಅಂಟು ಮತ್ತು ಒಳಗಿನ ಪಟ್ಟಿ ಸಾಕು. 0.1ರಿಂದ 0.3 ಮಿ.ಮೀ. ಉಳಿದು, ಎರಡು ಬೆರಳಿನ ಒತ್ತಡಕ್ಕೆ ಮುಚ್ಚಿದರೂ ಅಷ್ಟೇ. ಅದಕ್ಕಿಂತ ಹೆಚ್ಚು ಉಳಿದರೆ ಅದೇ ಮರದ ಚಕ್ಕೆ ಕೂರಿಸಬೇಕು. ಕ್ಲಾಂಪಿನ ಬಲದಿಂದ ಎಳೆದು ಮುಚ್ಚಿದ ಬಿರುಕು ಆ ಬಲವನ್ನು ಹೊತ್ತುಕೊಂಡೇ ಕೂತಿರುತ್ತದೆ, ಪಕ್ಕದ ಸಂದಿನಲ್ಲಿ ಸೀಳಿ ಅದನ್ನು ಬಿಡಿಸಿಕೊಳ್ಳುತ್ತದೆ.

ಎಣ್ಣೆಯ ಮರಕ್ಕೆ ಅಂಟು

ಬೀಟೆಯ ಎಣ್ಣೆಯಂಶ ಅಂಟಿಗೂ ನಾರಿಗೂ ನಡುವೆ ಪದರವಾಗಿ ನಿಲ್ಲುತ್ತದೆ. ಬಿಚ್ಚಿದ ಸಂದಾದರೆ ಬಿಳಿ ಬಟ್ಟೆಯನ್ನು ಅಸಿಟೋನ್‌ನಲ್ಲಿ ಅದ್ದಿ ಒರೆಸಿ. ಮೊದಲ ಬಟ್ಟೆ ಕಡುನೇರಳೆಯಾಗುತ್ತದೆ. ಬಣ್ಣ ತೆಳುವಾಗುವವರೆಗೆ ಬಟ್ಟೆ ಬದಲಿಸಿ. ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮೊದಲು, ಕಾಲು ಗಂಟೆಯೊಳಗೆ ಅಂಟು ಹಾಕಿ. ಉಗುರು ಬಣ್ಣ ತೆಗೆಯುವ ದ್ರವ ಇದಕ್ಕೆ ಬಾರದು, ಅದರಲ್ಲಿ ಎಣ್ಣೆ, ಪರಿಮಳ ಬೆರೆಸಿರುತ್ತಾರೆ. ಮುಗಿದ ವಾದ್ಯದ ಬಿರುಕಿಗೆ ಸಿರಿಂಜಿನಿಂದ ಒಳಮುಖದಿಂದ ಮಾತ್ರ ಎರಡು ಮೂರು ಹನಿ ಬಿಡಿ. ಹೊರಗೆ ಹರಿದರೆ ಲ್ಯಾಕರ್, ಅರಗು ಎರಡನ್ನೂ ಅಸಿಟೋನ್ ತಿಂದುಹಾಕುತ್ತದೆ.

ಬೀಟೆ ಬೆನ್ನಿನ ಕೂದಲೆಳೆ ಬಿರುಕಿಗೆ ನಮ್ಮ ಮೊದಲ ಆಯ್ಕೆ ಬಿಸಿ ಸರೇಸು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಒಣ ಸರೇಸಿಗೆ ತೂಕದಲ್ಲಿ ಎರಡರಷ್ಟು ನೀರು, ಎರಡು ಗಂಟೆ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60–63 ಡಿಗ್ರಿಗೆ ಕಾಯಿಸಿ. ನೇರ ಉರಿಗೆ ಇಟ್ಟರೆ, 70 ದಾಟಿದರೆ ಅಂಟಿನ ಬಲವೇ ಹೋಗುತ್ತದೆ. ಮರವನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಬಿರುಕಿನ ಬಾಯಲ್ಲೇ ಅದು ಗಟ್ಟಿಯಾಗಿ ನಿಲ್ಲುತ್ತದೆ. ಕೈಯಲ್ಲಿರುವ ಸಮಯ ಒಂದು ನಿಮಿಷಕ್ಕೂ ಕಡಿಮೆ. ಇದಕ್ಕೆ ಕೈ ಪಳಗದಿದ್ದರೆ ಫೆವಿಕಾಲ್ ಬಗೆಯ ಬಿಳಿ ಅಂಟು ಸಾಕು, ತುಸು ಹೆಚ್ಚು ಹೊತ್ತು ಸಿಗುತ್ತದೆ. ಮಳೆಗಾಲದಲ್ಲಿ ಅದನ್ನು ಒಂದು ದಿನದ ಬದಲು ಎರಡು ದಿನ ಅಲುಗಿಸದೆ ಬಿಡಿ. ಸರೇಸಿನ ಸಂದನ್ನು ಮುಂದೆ ಬಿಸಿ, ತೇವ ಕೊಟ್ಟು ಬಿಡಿಸಬಹುದು, ಅದೇ ಅದರ ದೊಡ್ಡ ಗುಣ.

ಅಂಟು ಒಳಗಿಳಿಸುವುದು ಕೈಚಳಕದ ಕೆಲಸ. ಬಿರುಕಿನ ಮೇಲೆ ಅಂಟಿನ ಗೆರೆ ಎಳೆಯಿರಿ. ಒಂದು ಕೈ ವಾದ್ಯದೊಳಗೆ, ಇನ್ನೊಂದು ಹೊರಗೆ. ಒಳಗಿನ ಬೆರಳಿನಿಂದ ಬಿರುಕಿನ ಒಂದು ಬದಿಯನ್ನು ಸ್ವಲ್ಪ ಎತ್ತಿ ಇಳಿಸುತ್ತಿದ್ದರೆ ಅದು ಅಂಟನ್ನು ಎಳೆದುಕೊಳ್ಳುತ್ತದೆ. ಹೊರಗಿನ ಬೆರಳಿನಿಂದ ನಾರಿಗೆ ಅಡ್ಡಲಾಗಿ ತಿಕ್ಕುತ್ತಿರಿ. ಒಳಮುಖದಲ್ಲಿ ಸಣ್ಣ ಮಣಿಗಳ ಸಾಲಿನಂತೆ ಅಂಟು ಮೂಡಿದಾಗ ಮಾತ್ರ ಅದು ಪೂರ್ತಿ ಇಳಿದಿದೆ ಎಂದರ್ಥ. ಕೈ ನಿಲುಕದ ಕಡೆ ಬಚ್ಚಲಮನೆ ಕೊಕ್ಕೆಯ ರಬ್ಬರ್ ಬಟ್ಟಲನ್ನು ಬಿರುಕಿನ ಮೇಲೆ ಒತ್ತಿ ಎಳೆದರೆ ಅಂಟು ಕೆಳಗಿಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಎರಡೂ ಬದಿ ಸಮಮಟ್ಟ ಇರುವಂತೆ ಒಳಗೊಂದು ಹೊರಗೊಂದು ಚಪ್ಪಟೆ ಮರದ ತುಂಡು ಇಟ್ಟು ಬಲವಾದ ಅಯಸ್ಕಾಂತದಿಂದ ಹಿಡಿಸಿ. ನಡುವೆ ಪಾಲಿಥೀನ್ ಹಾಕಲು ಮರೆಯಬೇಡಿ.

ತೆಳು ಸೂಪರ್ ಗ್ಲೂಗೂ ಜಾಗವಿದೆ: ಕರಿಮರದ ಫಿಂಗರ್‌ಬೋರ್ಡಿನ ಕೂದಲೆಳೆ ಬಿರುಕು, ಬಿರುಡೆ, ಪಾಲಿಶ್ ಇಲ್ಲದ ದಪ್ಪ ತುಂಡು. ಗಿಟಾರ್ ಬೆನ್ನಿಗೆ ಅದನ್ನು ಶಿಫಾರಸು ಮಾಡುವುದಿಲ್ಲ. ಸಂದು ಪೆಡಸಾಗುತ್ತದೆ, ಬಿಡಿಸಲು ಬರುವುದಿಲ್ಲ, ಬೀಟೆಯ ಬಣ್ಣವನ್ನು ಎಳೆದುಕೊಂಡು ಪಕ್ಕದ ಬಿಳಿ ಬೈಂಡಿಂಗಿಗೆ (ಅಂಚಿನ ಪಟ್ಟಿಗೆ) ನೇರಳೆ ಕಲೆ ಮಾಡುತ್ತದೆ. ಬಳಸಲೇಬೇಕಾದರೆ ಬಿಳಿ ಭಾಗಕ್ಕೆ ಮೊದಲೇ ಎರಡು ಕೈ ಅರಗಿನ ಪಾಲಿಶ್ ಹಚ್ಚಿ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿ ಬಟ್ಟೆಯಲ್ಲಿ ಒರೆಸಬಾರದು. ಹತ್ತಿಯೊಂದಿಗೆ ಅದು ಕೈ ಸುಡುವಷ್ಟು ಕಾಯುತ್ತದೆ.

ಎಪಾಕ್ಸಿ ಬೇಕಾದ ಕಡೆ ನಿಧಾನವಾಗಿ ಗಟ್ಟಿಯಾಗುವ ಬಗೆಯನ್ನೇ ತನ್ನಿ, ಐದು ನಿಮಿಷದ್ದು ಬೇಡ. ಅದನ್ನು ಮತ್ತೆಂದೂ ಬಿಡಿಸಬೇಕಾಗದ ಜಾಗಕ್ಕೆ ಮಾತ್ರ ಹಾಕಿ.

ಒಳಗಿನ ಪಟ್ಟಿ

ಅಂಟಷ್ಟೇ ಸಾಲದು, ಬಿರುಕಿಗೆ ಅಡ್ಡಲಾಗಿ ಒಳಗೆ ಚಿಕ್ಕ ಪಟ್ಟಿಗಳು ಬೇಕು. 15 ಮಿ.ಮೀ. ಉದ್ದ, 10 ಅಗಲ, ಒಂದೂವರೆಯಿಂದ ಎರಡು ದಪ್ಪ. ಎರಡು ಪಟ್ಟಿಗಳ ನಡುವೆ 40–50 ಮಿ.ಮೀ., ಬಿರುಕಿನ ಎರಡೂ ತುದಿಯಲ್ಲಿ ಒಂದೊಂದು ಇರಲೇಬೇಕು. ಪಟ್ಟಿಯ ನಾರು ಬಿರುಕಿಗೆ ಅಡ್ಡಲಾಗಿ ಕೂರಬೇಕು. ಗುಂಟ ಕೂರಿಸಿದರೆ ಪಟ್ಟಿಯೂ ಅದೇ ಗೆರೆಯಲ್ಲಿ ಸೀಳುತ್ತದೆ. ಅಂಚುಗಳನ್ನು ಸೊನ್ನೆಗೆ ಇಳಿಜಾರು ಮಾಡಿ, ಇಲ್ಲದಿದ್ದರೆ ಅಂಚಿನ ಗೆರೆಯಲ್ಲೇ ಹೊಸ ಒತ್ತಡ ಹುಟ್ಟುತ್ತದೆ. ಪಟ್ಟಿಗೆ ಬೀಟೆಯೇ ಆಗಬೇಕೆಂದಿಲ್ಲ. ಹಗುರ, ಅಲುಗಾಟ ಕಡಿಮೆ, ಅಂಟು ಚೆನ್ನಾಗಿ ಹಿಡಿಯುವ ಶಿವನೆ ಮರ ಇದಕ್ಕೆ ಬಹಳ ಒಳ್ಳೆಯದು. ಬಿರುಕಿನ ಉದ್ದಕ್ಕೂ ಒಂದೇ ದೊಡ್ಡ ಪಟ್ಟಿ ಬಡಿಯುವವರಿದ್ದಾರೆ, ಅದು ಹಲಗೆಯ ನಾದವನ್ನೂ ಕಟ್ಟಿಹಾಕುತ್ತದೆ, ಅಲುಗಾಟವನ್ನೂ ಕಟ್ಟಿಹಾಕಿ ಬಿರುಕನ್ನು ಪಕ್ಕಕ್ಕೆ ಸರಿಸುತ್ತದೆ.

ಚಕ್ಕೆ ಕೂರಿಸುವುದು

ಮುಚ್ಚದೆ ಉಳಿದ ಬಿರುಕಿಗೆ ಹುಡಿಯಲ್ಲ, ಮರವನ್ನೇ ತುಂಬಿ. ಹರಿತ ಚಾಕುವಿನಿಂದ ಬಿರುಕಿನ ಎರಡೂ ಅಂಚನ್ನು ತೆಳುವಾಗಿ ಕೆತ್ತಿ, ಮೇಲೆ ಅಗಲ ಕೆಳಗೆ ಕಿರಿದಾದ ಸಮನಾದ ಸಂದು ಮಾಡಿಕೊಳ್ಳಿ. ಅದಕ್ಕೆ ತಕ್ಕ ಬೆಣೆಯಾಕಾರದ ಚಕ್ಕೆಯನ್ನು ಗರಗಸದಿಂದ ಕೊಯ್ಯದೆ ಉಳಿಯಿಂದ ಸೀಳಿ ತೆಗೆಯಿರಿ. ಸೀಳಿದ ಚಕ್ಕೆಯಲ್ಲಿ ನಾರು ಉದ್ದಕ್ಕೂ ಅಖಂಡವಾಗಿರುತ್ತದೆ. ಬಣ್ಣಕ್ಕಿಂತ ಮೊದಲು ಉಂಗುರದ ದಿಕ್ಕನ್ನು ಹೊಂದಿಸಿ. ಕ್ವಾರ್ಟರ್ ಹಲಗೆಗೆ ಫ್ಲ್ಯಾಟ್ ಚಕ್ಕೆ ಹಾಕಿದರೆ ಎರಡರ ಹಿಗ್ಗುವಿಕೆ ಬೇರೆಬೇರೆ. ಅಂಟಿಲ್ಲದೆ ಕೂರಿಸಿ ನೋಡಿ, ಬೆರಳಿನ ಒತ್ತಡಕ್ಕೆ ಇಳಿಯಬೇಕು, ಸುತ್ತಿಗೆ ಬೇಕಾದರೆ ಅದು ದಪ್ಪವಾಗಿದೆ. ಅಂಟಿಸಿ ಅರ್ಧ ಮಿ.ಮೀ. ಮೇಲೆ ಉಳಿಸಿ. ಮರುದಿನ ಸ್ಕ್ರೇಪರ್‌ನಿಂದ ಮಟ್ಟ ಮಾಡಿ. ಅಂಟಿನ ನೀರು ಆರುವ ಮೊದಲು ಮಟ್ಟ ಮಾಡಿದರೆ ಆಮೇಲೆ ಅದು ತಗ್ಗಾಗುತ್ತದೆ.

ಚಕ್ಕೆಗೆ ಮರ ಎಲ್ಲಿಂದ? ಹಳೇ ತೊಟ್ಟಿಮನೆಗಳ ಮುರಿದ ಬೀಟೆ ಕುರ್ಚಿಯ ಕಾಲು, ಮಂಚದ ಪಟ್ಟಿ ಹೊಸ ಮರಕ್ಕಿಂತ ಎಷ್ಟೋ ಮೇಲು. ಹತ್ತಾರು ಮಳೆ ಬಿಸಿಲು ಕಂಡ ಮರ ಅದು. ಹೊಸ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. 2017ರಿಂದ ಬೀಟೆಯ ಇಡೀ ಕುಲ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಮುಗಿದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿದ್ದರೂ ಕಚ್ಚಾ ಹಲಗೆಗೆ ಅದು ಇಲ್ಲ. ಇಂಥ ಮರದ ಒಂದು ಹಲಗೆಯನ್ನೂ ಬಿರುಕಿಗೆ ಹೆದರಿ ಒಲೆಗೆ ಹಾಕುವುದು ಅನ್ಯಾಯ.

ಇನ್ನೂ ವಾದ್ಯವಾಗದ ಹಲಗೆ

ತುದಿಯಿಂದ ತೇವ ಹೋಗುವ ವೇಗ ಮುಖದಿಂದ ಹೋಗುವುದರ ಹತ್ತುಪಟ್ಟಿಗೂ ಹೆಚ್ಚು. ಅದಕ್ಕೇ ತುದಿ ಮೊದಲು ಸೀಳುತ್ತದೆ. ಕೊಯ್ದ ದಿನವೇ ಎರಡೂ ತುದಿಯನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ. ಮೂರು ದಿನ ಕಳೆದು ಹಚ್ಚಿದರೆ ಕಣ್ಣಿಗೆ ಕಾಣದ ಬಿರುಕು ಆಗಲೇ ಒಳಗೆ ಕೂತಿರುತ್ತದೆ. ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿ ಇದೆಯೆಂದು ಹಲಗೆಗಳನ್ನು ಸಿಮೆಂಟ್ ಕಣದ ಬಿಸಿಲಿಗೆ ಹರಡುವುದು ನಮ್ಮ ಕಡೆಯ ದೊಡ್ಡ ತಪ್ಪು. ಮೇಲ್ಮೈ ಒಣಗಿ ಬಿಗಿಯುತ್ತದೆ, ಒಡಲು ಹಸಿಯಾಗೇ ಇರುತ್ತದೆ, ಮುಖದ ತುಂಬ ಕೂದಲೆಳೆ ಬಿರುಕು. ನೆರಳಿನಲ್ಲಿ, ಹಲಗೆ ಹಲಗೆಯ ನಡುವೆ 20 ಮಿ.ಮೀ. ಪಟ್ಟಿ ಕೊಟ್ಟು ಜೋಡಿಸಿ, ಮೇಲೆ ಭಾರ ಹೇರಿ.

ತುದಿ ಸೀಳಿದ ಹಲಗೆಯಲ್ಲಿ ಒಳ್ಳೆಯ ಮರ ಎಲ್ಲಿಂದ ಶುರು ಎಂದು ತಿಳಿಯಲು ತುದಿಯಿಂದ 10 ಮಿ.ಮೀ. ದಪ್ಪದ ಬಿಲ್ಲೆ ಕೊಯ್ದು ಎರಡೂ ಕೈಯಲ್ಲಿ ಬಗ್ಗಿಸಿ. ಗುಪ್ತ ಬಿರುಕಿದ್ದರೆ ಅದೇ ಗೆರೆಯಲ್ಲಿ ಲಟಕ್ಕನೆ ಮುರಿಯುತ್ತದೆ. ಅಡ್ಡಾದಿಡ್ಡಿ ಮುರಿಯುವ, ಬಲ ಕೇಳುವ ಬಿಲ್ಲೆ ಬರುವವರೆಗೆ ಕೊಯ್ಯುತ್ತಾ ಹೋಗಿ.

ವೀಣೆ, ಮೃದಂಗ, ನಾಗಸ್ವರ

ವೀಣೆಯಲ್ಲಿ ಕೊಡ ಮತ್ತು ದಂಡಿ ಸೇರುವ ಜಾಗದ ಬಿರುಕನ್ನು ಬೇರೆ ರೀತಿ ನೋಡಬೇಕು. ಜೋಡಿಸಿದ ವೀಣೆಯಲ್ಲಿ ಅದು ಸಂದು ಬಿಟ್ಟುಕೊಂಡದ್ದು. ಹಳೆಯ ಅಂಟನ್ನು ಬಿಸಿ ಮಾಡಿ ಬಿಡಿಸಿ ಪೂರ್ತಿ ಹೊಸದಾಗಿ ಕೂಡಿಸಬೇಕೇ ಹೊರತು ಮೇಲಿನಿಂದ ಅಂಟು ಸುರಿಯುವುದಲ್ಲ. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಯಲ್ಲಾದರೆ ಅದು ನಿಜವಾದ ಸೀಳು. ದಪ್ಪವಿರುವ ಜಾಗದಲ್ಲಿ ಬಿರುಕಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಕೀಲು ಕೂರಿಸಬಹುದು, ಆಳ ಮರದ ದಪ್ಪದ ಮೂರನೇ ಒಂದು ಭಾಗ ಮೀರದಿರಲಿ. ಹೇರ್ ಡ್ರೈಯರ್ ಬಳಸುವಾಗ ಮೆಟ್ಟಿಲುಗಳನ್ನು ಕೂರಿಸಿದ ಮೇಣಕ್ಕೆ ಬಿಸಿ ತಾಗದಂತೆ ಒದ್ದೆ ಬಟ್ಟೆ ಮುಚ್ಚಿ. ಮೇಣ ಸಡಿಲಿಸಿದರೆ 24 ಮೆಟ್ಟಿಲನ್ನೂ ಮತ್ತೆ ಶ್ರುತಿಗೆ ಕೂರಿಸಬೇಕಾಗುತ್ತದೆ.

ಹಲಸಿನ ಮೃದಂಗದ ಕಟ್ಟೆಯ ಬಿರುಕನ್ನು ಬಾರಿನ ಬಿಗಿಯಲ್ಲಿ ಅಂಟಿಸುವುದು ವ್ಯರ್ಥ. ಮುಚ್ಚಿಗೆ ಎರಡನ್ನೂ ಬಿಚ್ಚಿ, ಕಟ್ಟೆಗೆ ತೇವ ಕೊಟ್ಟು, ಮುಚ್ಚಿದ ಮೇಲೆ ಅಂಟಿಸಿ ಸುತ್ತ ಹಗ್ಗ ಬಿಗಿಯಬೇಕು.

ನಾಗಸ್ವರ, ಕ್ಲಾರಿನೆಟ್ ಸೀಳುವ ಕಾರಣವೇ ಬೇರೆ. ಊದಿದ ಉಸಿರಿನಿಂದ ಒಳಗೋಡೆ ಹಿಗ್ಗುತ್ತದೆ, ಹೊರಗೋಡೆ ಒಣಗಿರುತ್ತದೆ, ಹೊರಗಿನಿಂದ ಬಿರುಕು ತೆರೆಯುತ್ತದೆ. ಮದುವೆ ಕಾಲ ಬೇಸಿಗೆಯಲ್ಲೇ ಬರುವುದರಿಂದ ಓಲಗದವರಿಗೆ ಈ ಕಾಟ ಹೆಚ್ಚು. ಬಿರುಕಿಗೆ ತೆಳು ಅಂಟು ಇಳಿಸಿ, ಎಪಾಕ್ಸಿಯಲ್ಲಿ ನೆನೆಸಿದ ನೂಲನ್ನು ಬಿಗಿಯಾಗಿ ಸುತ್ತಿ. ಊದಿದ ಮೇಲೆ ಕೊಳವೆಯನ್ನು ಒಣ ಬಟ್ಟೆಯಿಂದ ಒರೆಸಿಯೇ ಇಡಬೇಕು. ಹೊಸ ವಾದ್ಯವನ್ನು ಮೊದಲ ವಾರಗಳಲ್ಲಿ ದಿನಕ್ಕೆ 15–20 ನಿಮಿಷಕ್ಕಿಂತ ಹೆಚ್ಚು ಊದಬೇಡಿ.

ಯಾವ ವಾದ್ಯವಾದರೂ ಬೀಟೆ, ಕರಿಮರ ಉಜ್ಜುವಾಗ ಮಾಸ್ಕ್ ಕಡ್ಡಾಯ. ಈ ಹುಡಿಗೆ ಚರ್ಮ ಕೆರೆತ, ಸೀನು, ಉಬ್ಬಸ ಬರುತ್ತದೆ, ಒಮ್ಮೆ ಒಗ್ಗದೆ ಹೋದರೆ ಮತ್ತೆ ಮತ್ತೆ ಹೆಚ್ಚಾಗುತ್ತದೆ.

ದುರಸ್ತಿ ಮತ್ತೆ ತೆರೆದರೆ

ತೆರೆದ ಸಂದಿನ ಎರಡೂ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಒಂದು ಮುಖದಲ್ಲಿ ಅಂಟು ಗಾಜಿನಂತೆ ಹೊಳೆಯುತ್ತಾ, ಎದುರು ಮುಖ ಬರೀ ಮರವಾಗಿದ್ದರೆ ಎಣ್ಣೆ ಅಂಟಲು ಬಿಟ್ಟಿಲ್ಲ. ಅಸಿಟೋನ್ ಸಾಲಲಿಲ್ಲ, ಅಥವಾ ಒರೆಸಿದ ಮೇಲೆ ತಡವಾಯಿತು. ಎರಡೂ ಮುಖದಲ್ಲಿ ಅಂಟು ತೆಳುವಾಗಿ, ನಡುನಡುವೆ ಬೋಳು ತೇಪೆಯಾಗಿದ್ದರೆ ಅಂಟು ಆಳಕ್ಕೆ ಇಳಿದಿಲ್ಲ, ಅಥವಾ ಕ್ಲಾಂಪು ಅತಿಯಾಗಿ ಬಿಗಿದು ಹಿಂಡಿಹೋಗಿದೆ. ಸರೇಸು ಪುಡಿಪುಡಿಯಾಗಿ ಉದುರಿದರೆ ಕಾಯಿಸುವಾಗ ಸುಟ್ಟಿದೆ, ಇಲ್ಲವೇ ತಣ್ಣನೆಯ ಮರಕ್ಕೆ ಹಾಕಿದ್ದೀರಿ. ಅಂಟಿನ ಗೆರೆ ಗಟ್ಟಿಯಾಗಿದ್ದು ಅದರ ಪಕ್ಕದ ನಾರೇ ಕಿತ್ತು ಬಂದಿದ್ದರೆ ಅಂಟಿನ ಕೆಲಸ ಸರಿಯಾಗಿದೆ, ಮರ ಇನ್ನೂ ಎಳೆತದಲ್ಲಿದೆ. ಆಗ ಹೊಸ ಅಂಟು ಹುಡುಕಬೇಡಿ. ಹೈಗ್ರೋಮೀಟರ್ ನೋಡಿ, ಅಡ್ಡಪಟ್ಟಿಗಳನ್ನು ಯಾವ ತಿಂಗಳಲ್ಲಿ ಅಂಟಿಸಿದ್ದೆಂದು ವಿಚಾರಿಸಿ. ಮಳೆಗಾಲದಲ್ಲಿ ಅಂಟಿಸಿದ್ದೆಂದು ತಿಳಿದರೆ ಬೆನ್ನನ್ನು ಬಿಚ್ಚಿ, ಹಲಗೆಯನ್ನು ಶೇ 45–50 ಆರ್ದ್ರತೆಯಲ್ಲಿ ಎರಡು ಮೂರು ವಾರ ನಿಲ್ಲಿಸಿ, ಪಟ್ಟಿಗಳನ್ನು ಹೊಸದಾಗಿ ಕಮಾನು ಕೊಟ್ಟು ಅಂಟಿಸುವುದೊಂದೇ ದಾರಿ.